ತಹಸೀಲ್ದಾರರು ಒಲೆಗೆ ಕೈ ಮುಗಿದದ್ದು

ನೆರೆ ನೀರಿನ ಎತ್ತರವನ್ನು ಅಳೆದು ಸರ್ಕಾರಕ್ಕೆ ಬರೆದು ಕಳುಹಿಸುವುದೂ ಒಂದು ಉದ್ಯೋಗ ಎಂದು ಗ್ರಾಮ ಲೆಕ್ಕಿಗರ ಕೆಲಸಕ್ಕೆ ಸೇರುವಾಗ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಸೀರೆಯ ಬದಲು ಬೇರೆ ಏನನ್ನಾದರೂ ಉಡುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಈಚೆಗೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದು, "ಮೇಡಂ, ನೆರೆ ಪರಿಹಾರದ ಕೆಲಸ ಹೇಗೆ ಮಾಡುವುದು?" ಎಂದು ಕೇಳಿದಳು. ಸುತ್ತೋಲೆ ಓದು ಎಂದೆ. ಓದಿದೆ, ಅರ್ಥವಾಗಲಿಲ್ಲ ಎಂದಳು. ಅರ್ಥವಾಗಿದ್ದರೆ ಅವಳ ಬಗ್ಗೆ ನನಗೆ ಚಿಂತೆಯಾಗುತ್ತಿತ್ತು. ಅವಳಿಗೆ ಹೇಳಿದ್ದನ್ನೇ, ಅವಳಂಥವರು ಇನ್ನೂ ನಾಲ್ಕು ಜನ ಇರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರ ಕೈಯಿಂದ ಶಾಲು ಹೊದೆಸಿಕೊಂಡೆ ಎಂಬುದೆಲ್ಲ ಇದರಲ್ಲಿಲ್ಲ. ಶಾಲು ಈಗ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಹಾಸಿಕೊಳ್ಳಲು ಉಪಯೋಗವಾಗುತ್ತಿದೆ.

ನಾನು ಹುಟ್ಟಿದ್ದು ಕಾರ್ಕಳದಲ್ಲಿ. ಅದು ಬಂಡೆಗಲ್ಲಿನ ಊರು. ಮಳೆಯ ನೀರು ಬಂಡೆಯ ಮೇಲೆ ಬಿದ್ದು, ನಮ್ಮನ್ನು ಕೇಳದೆ ಎಲ್ಲಿಗೋ ಹೋಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಾದದ್ದು ಮದುವೆಯಾಗಿ ಶಂಕರಪುರಕ್ಕೆ ಬಂದ ಮೇಲೆ, ಅಲ್ಲಿಂದ ಕಾಪುವಿನ ಆಚೀಚೆಯ ಹೊಳೆಬದಿಯ ಗ್ರಾಮಗಳಿಗೆ ನನ್ನನ್ನು ನೇಮಿಸಿದ ಮೇಲೆ. ಉಡುಪಿ ಜಿಲ್ಲೆ ಬೇರೆಯಾದ ಹೊಸದು. ಕಾಪು ಆಗಿನ್ನೂ ತಾಲೂಕು ಆಗಿರಲಿಲ್ಲ, ಸಣ್ಣದಕ್ಕೂ ದೊಡ್ಡದಕ್ಕೂ ಉಡುಪಿಗೆ ಬಸ್ಸು ಹತ್ತಬೇಕಿತ್ತು. ನನಗೆ ಸಹಾಯಕ್ಕೆ ಒಬ್ಬ ಉಗ್ರಾಣಿ ಇದ್ದ. ಉಗ್ರಾಣಿ ಎಂದರೆ ಗ್ರಾಮದ ಸಹಾಯಕ. ಹೆಸರು ಸಂಜೀವ, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಮಾಡಿದ ತಪ್ಪುಗಳನ್ನೆಲ್ಲ ನೆನಪಿಟ್ಟುಕೊಂಡು ಬೇಕಾದಾಗ ಹೊರಗೆ ತೆಗೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮೊದಲ ಮಳೆಗಾಲದಲ್ಲೇ ಅವನಿಗೆ ಒಳ್ಳೆಯ ಸರಕು ಒದಗಿಸಿದೆ. ಬೆಳಿಗ್ಗೆ ಬಂದು ಹೊಳೆಬದಿಯ ಮನೆಗಳಿಗೆ ನೀರು ನುಗ್ಗಿದೆ ಎಂದ. ನೀರಲ್ಲವೇ, ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ನಾನು ಗಂಜಿ ಊಟ ಮುಗಿಸಿ, ಕೊಡೆ ಹುಡುಕಿ, ಬಸ್ಸು ಹಿಡಿದು ಹೋದೆ. ಅಲ್ಲಿ ನೀರಿಲ್ಲ. ಅಂಗಳದಲ್ಲಿ ಕೋಳಿಗಳು ಆರಾಮವಾಗಿ ಮಣ್ಣು ಕೆದರುತ್ತಿದ್ದವು. "ಸ್ಥಳ ಪರಿಶೀಲನೆಯ ವೇಳೆ ಪ್ರವಾಹ ಕಂಡುಬಂದಿರುವುದಿಲ್ಲ" ಎಂದು ಚಂದವಾಗಿ ಬರೆದು ಕಳುಹಿಸಿದೆ. ಅದೇ ಸಂಜೆ ಪುನಃ ನೀರು ಬಂತು.

"ಅಕ್ಕ, ಇಲ್ಲಿ ಹೊಳೆಗೆ ಸಮುದ್ರದ ಬಾಗಿಲು ಉಂಟು," ಎಂದ ಸಂಜೀವ. "ಸಮುದ್ರ ಇಳಿದರೆ ಹೊಳೆ ಇಳಿಯುತ್ತದೆ, ಅದು ಏರಿದರೆ ಇದು ವಾಪಾಸು ಬರುತ್ತದೆ. ನಿಮ್ಮ ಊಟ ಆಯ್ತಾ ಅಂತ ಕೇಳಿಕೊಂಡು ಬರುವುದಿಲ್ಲ."

ನಮ್ಮ ಕಂದಾಯ ನಿರೀಕ್ಷಕರು ನನ್ನ ವರದಿಯನ್ನು ಓದಿ, ಸಮುದ್ರಕ್ಕೆ ಒಂದು ನೋಟಿಸು ಕೊಟ್ಟುಬಿಡಿ, ಕಚೇರಿಯ ವೇಳೆಯಲ್ಲಿ ಹಾಜರಿರಲಿ ಎಂದರು. ಅವರು ನಗದೆ ಹೇಳಿದ್ದರಿಂದ ನಾನು ಸ್ವಲ್ಪ ಹೊತ್ತು ನಿಜವೆಂದೇ ನಂಬಿದ್ದೆ.

ಎರಡನೆಯ ಪಾಠ ನೀರಿನ ಎತ್ತರದ್ದು. ಮನೆಯೊಳಗೆ ಎಷ್ಟು ನೀರು ಬಂದಿತ್ತು ಎಂದು ಕೇಳಿದರೆ ಜನ ಅಡಿ, ಗೇಣು ಎನ್ನುವುದಿಲ್ಲ. ಮೊಣಗಂಟು, ತೊಡೆ, ಸೊಂಟ ಎನ್ನುತ್ತಾರೆ. ಯಾರ ಸೊಂಟ ಎಂದು ನಾವು ಕೇಳಬೇಕು. ನಾನು ಕೇಳಲಿಲ್ಲ. ಒಬ್ಬ ಅಜ್ಜಿ ಸೊಂಟದ ತನಕ ಎಂದರು, ನಾನೂ ಹಾಗೆಯೇ ಬರೆದೆ. ನಿರೀಕ್ಷಕರು ಬಂದು ನೋಡಿದರೆ ಗೋಡೆಯ ಮೇಲಿನ ಕೆಸರಿನ ಗೆರೆ ಅವರ ಮೊಣಗಂಟಿಗೂ ಬರಲಿಲ್ಲ. ಅಜ್ಜಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿದೆ. ಪಾಪ, ಬಾಗಿ ಬಾಗಿ ಅವರ ಸೊಂಟ ನಿಜವಾಗಿಯೂ ಅಲ್ಲಿಗೇ ಬಂದಿತ್ತು. ಅಂದಿನಿಂದ ನನ್ನ ಕಾಲನ್ನೇ ಸರ್ಕಾರಿ ಅಳತೆ ಮಾಡಿಕೊಂಡೆ. ಯಾರು ಏನೇ ಹೇಳಿದರೂ ಗೋಡೆಯ ಗೆರೆಯ ಪಕ್ಕ ನಿಂತು ನೋಡುವುದು, ಆಮೇಲೆ ಬರೆಯುವುದು.

ಆಮೇಲೆ ಫೋಟೋ ಬಂತು. ಹಾನಿಯಾದ ಮನೆಯ ಎದುರು ಯಜಮಾನರನ್ನು ನಿಲ್ಲಿಸಿ ಫೋಟೋ ತೆಗೆದು ಅರ್ಜಿಗೆ ಅಂಟಿಸಬೇಕೆಂದು ಆದೇಶವಾಯಿತು. ಮೊಬೈಲಿನಲ್ಲಿ ತೆಗೆಯುವ ಕಾಲವಲ್ಲ. ಕಾಪುವಿನ ಸ್ಟುಡಿಯೋದವರನ್ನು ಕರೆದುಕೊಂಡು ಹೋಗಬೇಕು, ರೋಲು ಮುಗಿಯುವ ತನಕ ಕಾಯಬೇಕು, ತೊಳೆಸಬೇಕು. ಫೋಟೋದವರು ಬರುತ್ತಾರೆ ಎಂದು ಹಿಂದಿನ ದಿನವೇ ಹೇಳಿ ಕಳುಹಿಸಿದ್ದು ನನ್ನ ಬುದ್ಧಿವಂತಿಕೆ. ಹೋಗಿ ನೋಡಿದರೆ ಹೆಂಗಸರೆಲ್ಲ ಪೆಟ್ಟಿಗೆಯ ತಳದ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದಾರೆ. ಗಂಡಸರು ತಲೆಗೆ ಎಣ್ಣೆ ಹಚ್ಚಿದ್ದಾರೆ. ಒಬ್ಬರಂತೂ ಬಿದ್ದ ಗೋಡೆ ಫೋಟೋದಲ್ಲಿ ಚಂದ ಕಾಣುವುದಿಲ್ಲ ಎಂದು ಅದರ ಮುಂದೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಆ ಫೋಟೋಗಳು ಉಡುಪಿಯಿಂದ ಹಿಂದೆ ಬಂದವು. ಇದು ಯಾವ ಸಮಾರಂಭದ ಫೋಟೋ ಎಂದು ಕೇಳಿದ್ದರು.

ಈ ಊರಿನವರ ಒಂದು ಸ್ವಭಾವವನ್ನು ನಾನು ಆಗಲೇ ಗಮನಿಸಬೇಕಿತ್ತು. ಹೊರಗಿನವರು ಮನೆಗೆ ಬರುತ್ತಾರೆಂದರೆ ಇವರು ಮೊದಲು ಹಿಡಿಸೂಡಿ, ಅಂದರೆ ಪೊರಕೆ, ಹಿಡಿಯುತ್ತಾರೆ. ಬರುವವರು ಹಾನಿಯನ್ನು ನೋಡಲು ಬರುತ್ತಾರೆ, ಆದ್ದರಿಂದ ಹಾನಿ ಕಾಣುವ ಹಾಗಿರಲಿ ಎಂಬ ಯೋಚನೆ ಇವರ ತಲೆಗೆ ಹೊಳೆಯುವುದೇ ಇಲ್ಲ.

ಅದು ತಲೆಗೆ ಹೊಳೆದವರೂ ಇಲ್ಲವೆಂದಲ್ಲ. ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಒಬ್ಬರಿದ್ದರು. ರಘುರಾಮಣ್ಣ ಎಂದು ಕರೆಯೋಣ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ದೊಡ್ಡ ನೆರೆ ಬಂತು. ಅವರೂ ಅರ್ಜಿ ಕೊಟ್ಟರು. ಹೋಗಿ ನೋಡಿದರೆ ಮನೆಯ ಮುಂಭಾಗದ ಚಾವಡಿಯ ಗೋಡೆಯಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ, ಈ ಕಡೆಯಿಂದ ಆ ಕಡೆಗೆ ದಾರ ಹಿಡಿದು ಎಳೆದಷ್ಟು ನೇರ. ಗೆರೆಯ ಕೆಳಗೆಲ್ಲ ಕೆಸರು. ಹೊಳೆಯ ಕೆಸರು ಕಪ್ಪು, ಇದು ಗುಡ್ಡದ ಕೆಂಪು ಮಣ್ಣು. ಅದೂ ಇರಲಿ ಎಂದರೆ, ಗೆರೆಗಿಂತ ಕೆಳಗೆ ಗೋಡೆಯಲ್ಲಿ ಒಂದು ಕ್ಯಾಲೆಂಡರು, ಗರಿಗರಿಯಾಗಿ ನೇತಾಡುತ್ತಿತ್ತು.

"ನೀರು ಬರುವಾಗ ಕ್ಯಾಲೆಂಡರ್ ತೆಗೆದು ಇಟ್ಟಿದ್ದೆ," ಎಂದರು ರಘುರಾಮಣ್ಣ.

ಸಂಜೀವ ಕ್ಯಾಲೆಂಡರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅದರ ಹಿಂದಿನ ಗೋಡೆ ಅಷ್ಟೇ ಅಗಲಕ್ಕೆ ಬೆಳ್ಳಗಿತ್ತು.

"ನೀರು ಇದನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗಿದೆ ಅಣ್ಣ," ಎಂದ. "ಒಳ್ಳೆ ನೀರು."

ರಘುರಾಮಣ್ಣನ ಅರ್ಜಿ ಬಿದ್ದುಹೋಯಿತು. ಬಿದ್ದದ್ದು ಸುಮ್ಮನಿರಲಿಲ್ಲ. ಗ್ರಾಮ ಲೆಕ್ಕಿಗರ ಕೆಲಸದ ಈ ಹೆಂಗಸು ತನಗೆ ಬೇಕಾದವರಿಗೆ ಮಾತ್ರ ಸುಳ್ಳು ವರದಿ ಬರೆದು ಪರಿಹಾರ ಕೊಡಿಸುತ್ತಾಳೆ ಎಂದು ಅವರು ಉಡುಪಿಗೆ ದೂರು ಬರೆದರು. ಒಂದು ಹೆಸರನ್ನೂ ಸೂಚಿಸಿದರು, ಹೊಳೆಬದಿಯ ಮೀನು ಮಾರುವ ಗಿರಿಜಕ್ಕನದು. ಶಂಕರಪುರದಲ್ಲಿ ನನ್ನ ಮನೆಗೆ ಮೀನು ತರುವವಳು ಅವಳೇ ಎಂಬುದು ಅವರ ಸಾಕ್ಷಿ.

ಅದು ನಿಜವೇ. ಗಿರಿಜಕ್ಕ ಬುಟ್ಟಿ ಹೊತ್ತು ಬಸ್ಸು ಹತ್ತಿ ನಮ್ಮ ಕಡೆ ಬರುತ್ತಿದ್ದಳು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಉಚ್ಚಿಲಕ್ಕೆ ಕೊಟ್ಟಿತ್ತು. ಗಟ್ಟಿ ಹೆಂಗಸು. ಮೀನಿಗೆ ಹೇಳಿದ ಬೆಲೆಯಲ್ಲಿ ಚರ್ಚೆಯಿಲ್ಲ, ಬೇಕಾದರೆ ತೆಗೆದುಕೊಳ್ಳಬೇಕು. ಆ ವರ್ಷದ ನೆರೆಯ ಮರುದಿನ ಸಂಜೀವನೂ ನಾನೂ ದೋಣಿಯಲ್ಲಿ ಹೋಗಿ ನೋಡಿದಾಗ ಅವಳ ಅಡಿಗೆಮನೆಯ ಹಿಂದಿನ ಮಣ್ಣಿನ ಗೋಡೆ ಪೂರ್ತಿ ಹೊಳೆ ಸೇರಿತ್ತು. ಮಾಡಿನ ಹಂಚು ಅರ್ಧ ಜಾರಿತ್ತು. ಹೊಳೆಯಿಂದ ನೋಡಿದರೆ ಅಡಿಗೆಮನೆ ಬಾಗಿಲು ಕಿತ್ತ ಕಪಾಟಿನ ಹಾಗೆ ಕಾಣುತ್ತಿತ್ತು. ಊರಿನವರನ್ನೆಲ್ಲ ಶಾಲೆಗೆ ಸಾಗಿಸಿದ್ದರಿಂದ ಗಿರಿಜಕ್ಕ ಆಗ ಮನೆಯಲ್ಲಿರಲಿಲ್ಲ. ಕಂಡದ್ದನ್ನು ಬರೆದೆ: ಮನೆಗೆ ತೀವ್ರ ಹಾನಿ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ತೀವ್ರ ಹಾನಿ ಎಂದು ಒಪ್ಪಿಗೆಯಾದರೆ ಗೋಡೆ ಎಬ್ಬಿಸಿ ಮಾಡು ಹೊದೆಸುವಷ್ಟು ಸಿಗುತ್ತಿತ್ತು. ಇಲ್ಲದಿದ್ದರೆ ಬಟ್ಟೆ, ಪಾತ್ರೆಗಳ ಲೆಕ್ಕದಲ್ಲಿ ಸಿಗುವುದು ಅಷ್ಟಿಷ್ಟು. ಅದರಿಂದ ಗೋಡೆಯ ಅಡಿಪಾಯವೂ ಆಗದು. ಗೋಡೆ ಆಗದಿದ್ದರೆ ಮುಂದಿನ ಮಳೆಗಾಲದಲ್ಲಿ ಉಳಿದ ಮನೆಯೂ ಗೋಡೆಯ ದಾರಿ ಹಿಡಿಯುತ್ತಿತ್ತು. ಗಿರಿಜಕ್ಕನ ಮನೆ ಉಳಿಯುವುದೋ ಇಲ್ಲವೋ ಎಂಬುದು ಆ ಒಂದು ಒಪ್ಪಿಗೆಯ ಮೇಲೆ ನಿಂತಿತ್ತು.

ದೂರು ಬಂದ ಮೇಲೆ ಖುದ್ದು ತಹಸೀಲ್ದಾರರೇ ಸ್ಥಳಕ್ಕೆ ಬರುತ್ತೇನೆಂದರು. ಅವರು ವಿಜಾಪುರದ ಕಡೆಯವರು, ವರ್ಗವಾಗಿ ಬಂದು ಕೆಲವೇ ತಿಂಗಳಾಗಿತ್ತು. ಮಣಿಪಾಲದ ಗುಡ್ಡದ ಮೇಲೆ ಬಾಡಿಗೆ ಮನೆ ಮಾಡಿದ್ದರು. ನೀರು ಎಷ್ಟೇ ಏರಿದರೂ ಅಲ್ಲಿಗೆ ಬರಲಾರದು ಎಂದು ವಿಚಾರಿಸಿಯೇ ಹಿಡಿದ ಮನೆಯಂತೆ. ಒಳ್ಳೆಯ ಮನುಷ್ಯ. ಎರಡೇ ದೌರ್ಬಲ್ಯ. ಒಂದು, ಹರಿಯುವ ನೀರು ಕಂಡರೆ ಹೆದರಿಕೆ. ಇನ್ನೊಂದು, ನಮ್ಮ ಕರಾವಳಿಯ ಪದ್ಧತಿಗಳೆಂದರೆ ಅಪಾರ ಕುತೂಹಲ. ಭೂತಸ್ಥಾನ ಕಂಡರೆ ಜೀಪು ನಿಲ್ಲಿಸುವರು. ಬಂದವರಿಗೆ ಬೆಲ್ಲ ನೀರು ಯಾಕೆ ಕೊಡುತ್ತಾರೆ, ತುಳಸಿಕಟ್ಟೆ ಈ ದಿಕ್ಕಿಗೇ ಯಾಕೆ ಇದೆ ಎಂದು ಎಲ್ಲದಕ್ಕೂ ನನ್ನನ್ನು ಕೇಳುವರು. ಗೊತ್ತಿದ್ದದ್ದಕ್ಕೆ ಗೊತ್ತಿದ್ದಷ್ಟು ಹೇಳುತ್ತಿದ್ದೆ, ಗೊತ್ತಿಲ್ಲದ್ದಕ್ಕೆ ಸ್ವಲ್ಪ ಹೆಚ್ಚು ಹೇಳುತ್ತಿದ್ದೆ.

ತಹಸೀಲ್ದಾರರು ಬರುತ್ತಾರೆ ಎಂಬ ಸುದ್ದಿ ಗಿರಿಜಕ್ಕನಿಗೆ ಮುಟ್ಟಿತು. ಜೀಪಿಳಿದು ಅವಳ ಅಂಗಳಕ್ಕೆ ಕಾಲಿಟ್ಟರೆ ಗುರುತೇ ಸಿಗಲಿಲ್ಲ. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ತಿಕ್ಕಿ ತೊಳೆದು ಸುಣ್ಣ ಬಳಿದಿತ್ತು. ಚಾವಡಿಯಲ್ಲಿ ಎಲ್ಲಿಂದಲೋ ಎರವಲು ತಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ಹೂವಿನ ಬಟ್ಟೆ. ಅಡಿಗೆಮನೆಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಯಾರದೋ ಮನೆಯ ಕಬ್ಬಿಣದ ಕಪಾಟು ಬಂದು ನಿಂತಿತ್ತು. ಅದರ ಕನ್ನಡಿಯಲ್ಲಿ ನನ್ನ ಮುಖ ಕಂಡಿತು, ನೋಡುವ ಹಾಗಿರಲಿಲ್ಲ.

ತಹಸೀಲ್ದಾರರು ನನ್ನ ಕಡೆ ತಿರುಗಿದರು. "ಏನ್ರೀ ಮೇಡಂ, ಇದು ಹೊಳಿ ಹೊಕ್ಕ ಮನೀನೋ, ಮದಿವಿ ಮನೀನೋ?"

"ಸಾರ್, ಹಿಂದಿನ ಗೋಡೆ ಪೂರ್ತಿ ಹೋಗಿದೆ. ದೋಣಿಯಲ್ಲಿ ಹೋದರೆ ಹೊಳೆಯ ಕಡೆಯಿಂದ ಸ್ಪಷ್ಟ ಕಾಣುತ್ತದೆ," ಎಂದೆ. ಮನೆಯ ಎರಡೂ ಬದಿ ಇನ್ನೂ ನೀರು ನಿಂತಿತ್ತು, ನಡೆದು ಹಿಂದಕ್ಕೆ ಹೋಗುವಂತಿರಲಿಲ್ಲ.

"ದ್ವಾಣ್ಯಾಗ ನಾ ಕೂಡಂಗಿಲ್ಲ. ಅದೊಂದು ಬಿಟ್ಟು ಬ್ಯಾರೆ ಹೇಳ್ರಿ," ಎಂದರು. ಆಮೇಲೆ ಗಿರಿಜಕ್ಕನನ್ನೇ ಕೇಳಿದರು. "ತಾಯಿ, ಏನೇನು ಹಾನಿ ಆಗೇತಿ ನಿಮಗ?"

ಗಿರಿಜಕ್ಕ ಸೆರಗು ಸರಿಮಾಡಿಕೊಂಡಳು. "ಎಂತ ಹಾನಿ ಸಾರ್, ಸ್ವಲ್ಪ ನೀರು ಬಂದಿತ್ತು, ಹೋಯ್ತು. ದೇವರ ದಯೆಯಿಂದ ಎಲ್ಲ ಒಳ್ಳೆದುಂಟು. ನೀವು ಕೂತ್ಕೊಳ್ಳಿ, ಚಾ ಕುಡೀಬೇಕು."

"ಅಡಿಗೆಮನೆ ಗೋಡೆ ಗಿರಿಜಕ್ಕ," ಎಂದೆ ನಾನು.

"ಅದು ಎಂತ ಇಲ್ಲ. ಸ್ವಲ್ಪ ಮಣ್ಣು ಜಾರಿದೆ. ಅದನ್ನೆಲ್ಲ ಬಂದವರಿಗೆ ತೋರಿಸ್ಲಿಕ್ಕೆ ಉಂಟಾ ಮಾರಾಯ್ತಿ?" ಎಂದು ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

ಚಹಾ ಬಂತು. ತಂದವಳು ಅಂಗಳದಾಚೆಯ ತಗಡಿನ ಶೆಡ್ಡಿನ ಯಲ್ಲವ್ವ. ಬಾಗಲಕೋಟೆಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಅವಳೂ ಅವಳ ಗಂಡ ಬಸಪ್ಪನೂ. ನೆರೆ ಇಳಿದಂದಿನಿಂದ ಗಿರಿಜಕ್ಕನ ಗಂಜಿ ಬೇಯುತ್ತಿದ್ದದ್ದು ಯಲ್ಲವ್ವನ ಮೂರು ಕಲ್ಲಿನ ಒಲೆಯಲ್ಲಿ. ತಹಸೀಲ್ದಾರರ ಮಾತು ಕಿವಿಗೆ ಬಿದ್ದದ್ದೇ ಯಲ್ಲವ್ವನ ಮುಖ ಅರಳಿತು.

"ಯಪ್ಪಾ, ನಮ್ಮ ಕಡೆಯೋರನ್ರಿ ನೀವು? ನಮ್ಮ ಶೆಡ್ ನೋಡ್ರಿ ಸಾಹೇಬ್ರ. ಕೌದಿ ಹೋತು, ಕೊಡ ಹೋತು, ಜ್ವಾಳದ ಚೀಲ ನೀರಾಗ ನಿಂತು ಮೊಳಕಿ ಬಂದೈತಿ. ಒಂದು ಉಳದಿಲ್ಲ ನೋಡ್ರಿ," ಎಂದು ಕೈ ಹಿಡಿದೆಳೆಯುವುದೊಂದು ಬಾಕಿ, ಅವರನ್ನು ಕರೆದುಕೊಂಡೇ ಹೋದಳು. ಮೊಳಕೆ ಬಂದ ಜೋಳವನ್ನು ಮೊರದಲ್ಲಿ ಸುರಿದು ತೋರಿಸಿದಳು. ಒದ್ದೆ ಕೌದಿ ಹಿಂಡಿ ತೋರಿಸಿದಳು. ತಹಸೀಲ್ದಾರರು ಮೊರದ ಜೋಳವನ್ನು ಬೊಗಸೆಯಲ್ಲಿ ಎತ್ತಿ ನೋಡಿದರು. ರೇಷನ್ ಕಾರ್ಡು ಊರಿನದ್ದು, ಇಲ್ಲಿಯದಲ್ಲ ಎಂದು ನಾನು ಸೇರಿಸದೆ ಬಿಟ್ಟಿದ್ದ ಅವರ ಹೆಸರನ್ನು, ವಾಸ ಮಾಡುವವರಿಗೆ ಸಿಗಬೇಕಾದ ಬಟ್ಟೆ ಪಾತ್ರೆಯ ಪರಿಹಾರಕ್ಕೆ ಅಲ್ಲೇ ಬರೆಸಿದರು.

ಹಿಂದಕ್ಕೆ ಬಂದು ಚಹಾ ಮುಗಿಸಿ ಎದ್ದರು. "ಮೇಡಂ, ಮನೀ ಒಡತೀನ ಏನೂ ಆಗಿಲ್ಲ ಅಂದಮ್ಯಾಲೆ ನಾ ಏನ್ ಬರೀಲಿ? ಹೆಣ್ಮಗಳ ಅಡಗಿಮನಿಯೊಳಗ ಹೊಕ್ಕು ನೋಡಾಕ ಬರ್ತದನ? ನಿಮ್ಮ ವರದಿ ಸುಳ್ಳು ಅಂತ ಆಕ್ಕೈತಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದು ಇನ್ನೂ ಕಷ್ಟ.

ಗಿರಿಜಕ್ಕನ ಮುಖ ನೋಡಿದೆ. ಅವಳಿಗೆ ಎಲ್ಲ ಅರ್ಥವಾಗಿತ್ತು. ಈ ಮನುಷ್ಯ ಜೀಪು ಹತ್ತಿದರೆ ಗೋಡೆ ಹೋದಂತೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಕಪಾಟು ಬಿಟ್ಟು ಕದಲಲಿಲ್ಲ. ಬಾಯಿ ಬಿಟ್ಟು ಬೇಡುವುದು, ಮುರಿದ ಅಡಿಗೆಮನೆಯನ್ನು ಪರಗಂಡಸಿಗೆ ತೋರಿಸುವುದು ಅವಳ ಜನ್ಮದಲ್ಲಿ ಸಾಧ್ಯವಿರಲಿಲ್ಲ. ನನಗೆ ಅವಳ ಮೇಲೆ ವಿಪರೀತ ಕೋಪ ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಾಗ ಬಾಯಿಂದ ಹೊರಬಂದದ್ದು ಇದು:

"ಸಾರ್, ಹೊರಡುವ ಮೊದಲು ಒಂದು ಪದ್ಧತಿ ಉಂಟು. ನೆರೆ ಬಂದ ವರ್ಷ ಈ ಹೊಳೆಬದಿಯ ಮನೆಗಳಿಗೆ ಬಂದ ದೊಡ್ಡವರು ಒಲೆಗೆ ಕೈ ಮುಗಿದೇ ಹೋಗಬೇಕು. ಹಾಗೇ ಹೋದರೆ ಮನೆಗೆ ಒಳ್ಳೆಯದಲ್ಲ ಅಂತ ನಂಬಿಕೆ."

ಗಿರಿಜಕ್ಕ ಕಪಾಟಿಗೆ ಇನ್ನೂ ಒತ್ತಿ ನಿಂತಳು. ತಹಸೀಲ್ದಾರರ ಕಣ್ಣು ಮಿನುಗಿತು. ಸಂಜೀವ ಒಮ್ಮೆ ಕೆಮ್ಮಿದ.

"ಹೌದು ಸಾರ್," ಎಂದ. "ನಮ್ಮ ಅಜ್ಜನ ಕಾಲದಿಂದ ಉಂಟು. ಅಜ್ಜ ತುಂಬ ಪಾಲಿಸುತ್ತಿದ್ದರು."

"ಇಂಥಾದ್ದು ಮೊದಲ ಹೇಳಬೇಕಲ್ರೀ," ಎಂದು ತಹಸೀಲ್ದಾರರು ಚಪ್ಪಲಿ ಬಿಟ್ಟು ನಿಂತೇಬಿಟ್ಟರು.

"ಬೇಡ ಸಾರ್, ಒಲೆ ಇವತ್ತು ಹೊತ್ತಿಸಲಿಲ್ಲ," ಎಂದಳು ಗಿರಿಜಕ್ಕ.

"ಉರೀಲಿ ಬಿಡ್ಲಿ ತಾಯಿ, ಒಲಿ ಒಲೀನ."

ಒಲೆಗೆ ಕೈ ಮುಗಿಯುತ್ತೇನೆಂದು ನಿಂತ ದೊಡ್ಡ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? ಅದು ಕಪಾಟು ಸರಿಸುವುದಕ್ಕಿಂತ ದೊಡ್ಡ ಅವಮರ್ಯಾದೆ. ಗಿರಿಜಕ್ಕ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ, ಪಕ್ಕಕ್ಕೆ ಸರಿದಳು. ಸಂಜೀವನೂ ಬಸಪ್ಪನೂ ಸೇರಿ ಕಪಾಟನ್ನು ಎಳೆದರು.

ತಹಸೀಲ್ದಾರರು ಭಕ್ತಿಯಿಂದ ಕಣ್ಣು ಮುಚ್ಚಿ, ಕೈ ಮುಗಿದುಕೊಂಡೇ ಹೊಸ್ತಿಲು ದಾಟಿದರು. ಕಣ್ಣು ತೆರೆದಾಗ ಎದುರಿಗೆ ಒಲೆಯಿತ್ತು. ಒಲೆಯ ಆಚೆಗೆ ಹೊಳೆಯಿತ್ತು. ನಡುವೆ ಏನೂ ಇರಲಿಲ್ಲ. ಒಲೆಯ ಬುಡದಲ್ಲಿ ಮಲಗಿದ್ದ ನಾಯಿಯೊಂದು ತಲೆಯೆತ್ತಿ ಅವರನ್ನು ನೋಡಿ ಪುನಃ ಮಲಗಿತು. ಅದೇ ಹೊತ್ತಿಗೆ ಹೊಳೆಯಲ್ಲಿ ದೋಣಿಯವನೊಬ್ಬ ಹೋಗುತ್ತಿದ್ದ. ದೊಡ್ಡ ಅಧಿಕಾರಿ ತನಗೇ ಕೈ ಮುಗಿಯುತ್ತಿದ್ದಾರೆಂದು ತಿಳಿದು ಹುಟ್ಟು ಬಿಟ್ಟು ಗಡಿಬಿಡಿಯಿಂದ ತಾನೂ ಕೈ ಮುಗಿದ. ದೋಣಿ ಒಂದು ಸುತ್ತು ತಿರುಗಿ ಅವನನ್ನು ಹಿಮ್ಮುಖವಾಗಿ ಕರೆದುಕೊಂಡು ಹೋಯಿತು.

ನಾವು ಯಾರೂ ನಗಲಿಲ್ಲ.

"ಗ್ವಾಡಿ ಎಲ್ಲೈತ್ರಿ?" ಎಂದರು ತಹಸೀಲ್ದಾರರು, ಮುಗಿದ ಕೈ ಇಳಿಸುತ್ತ.

"ಹೊಳೆಯಲ್ಲಿ ಉಂಟು," ಎಂದಳು ಗಿರಿಜಕ್ಕ.

"ಯಾಕ ಹೇಳಲಿಲ್ಲ ತಾಯಿ?"

"ಮನೆಗೆ ಬಂದವರ ಹತ್ರ ಹೇಳುವ ಮಾತಾ ಅದು?" ಎಂದಳು. ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ತಹಸೀಲ್ದಾರರು ನನ್ನ ಕೈಯಿಂದ ವರದಿ ತೆಗೆದುಕೊಂಡರು. ಹೊರಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ನನ್ನ ವರದಿಯ ಕೆಳಗೆ ತಾವೇ ಕೈಯಾರೆ ಒಪ್ಪಿಗೆ ಬರೆದರು. ಯಲ್ಲವ್ವನಿಂದ ಇನ್ನೊಂದು ಲೋಟ ಚಹಾ ಕೇಳಿ ಕುಡಿದರು. ಜೀಪು ಹೆದ್ದಾರಿಗೆ ಬಂದ ಮೇಲೆ ಮೆಲ್ಲಗೆ ಕೇಳಿದರು. "ಮೇಡಂ, ಆ ಪದ್ಧತಿ ಖರೇನ?"

"ಇವತ್ತಿನಿಂದ ಉಂಟು ಸಾರ್," ಎಂದೆ.

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಭುಜ ಅಲುಗುತ್ತಿತ್ತು. ಮುಂದಿನ ಮನೆಯಲ್ಲಿ ಇಳಿದವರೇ, ಕೊಟ್ಟ ಕುರ್ಚಿಯಲ್ಲಿ ಕೂರುವ ಮೊದಲು, "ಒಲಿ ಎಲ್ಲೈತ್ರಿ, ಕೈ ಮುಗಿಯೋದೈತಿ" ಎಂದರು. ಆ ಮಳೆಗಾಲದಲ್ಲಿ ಅವರು ಎಷ್ಟು ಒಲೆಗಳಿಗೆ ಕೈ ಮುಗಿದರೋ. ಚಾವಡಿಯಲ್ಲಿ ಕುಳಿತು ಚಹಾ ಕುಡಿದಿದ್ದರೆ ಕಾಣದೆ ಹೋಗುತ್ತಿದ್ದ ಒಡೆದ ಗೋಡೆ, ಕುಸಿದ ಬಾವಿಕಟ್ಟೆ, ಹುಲ್ಲಿನಲ್ಲಿ ಕಟ್ಟಿಟ್ಟು ನೆನೆದ ಅಕ್ಕಿ ಮುಡಿ ಎಲ್ಲವೂ ಕಂಡವು. ಹೊಸದಾಗಿ ಸೇರುವವರಿಗೆ ನಾನು ಹೇಳುವುದೂ ಇಷ್ಟೇ: ಈ ಊರಿನಲ್ಲಿ ಚಾವಡಿ ನೋಡಿ ವರದಿ ಬರೆಯಬೇಡಿ. ಸುಳ್ಳು ಹೇಳಿದೆನಲ್ಲಾ ಎಂದು ನನಗೆ ಒಂದು ದಿನವೂ ನಿದ್ದೆ ಕೆಟ್ಟದ್ದಿಲ್ಲ. ಈಗಲೂ ಬೇಕಾದರೆ ಹೇಳುತ್ತೇನೆ.

ಗಿರಿಜಕ್ಕ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಕಾಪುವಿನಲ್ಲಿ ಚೆಕ್ಕು ಹಂಚುವ ದಿನ ಬಂದಳು, ಹೆಬ್ಬೆಟ್ಟು ಒತ್ತಿದಳು, ನನ್ನ ಮೇಜಿನ ಎದುರಿನಿಂದಲೇ ಹೋದಳು, ಕತ್ತು ತಿರುಗಿಸಲಿಲ್ಲ. ಶಂಕರಪುರದಲ್ಲಿ ನಮ್ಮ ಆಚೆ ಮನೆಗೂ ಈಚೆ ಮನೆಗೂ ಮೀನು ಕೊಡುವಳು, ನಮ್ಮ ಗೇಟಿನ ಎದುರು ಮಾತ್ರ ಬುಟ್ಟಿಗೆ ಕಾಲು ಬಂದ ಹಾಗೆ ಓಡುವಳು. ಮಲ್ಲಿಗೆ ಕಟ್ಟುತ್ತ ಜಗಲಿಯಲ್ಲಿ ಕೂರುವ ನನ್ನ ಅತ್ತೆ ಇದನ್ನು ನೋಡಿ, "ನೀನು ಸರ್ಕಾರದ ಕೆಲಸ ಮಾಡಿ ನನ್ನ ಬಾಯಿಗೆ ಮಣ್ಣು ಹಾಕಿದಿ" ಎಂದರು. ಪೇಟೆಯಿಂದ ತಂದ ಮೀನು ಅವರಿಗೆ ಸೇರುತ್ತಿರಲಿಲ್ಲ. ನನಗೆ ನಿಜವಾಗಿಯೂ ನೋವಾಗಿತ್ತು. ಮಾಡಿದ್ದು ಅವಳ ಒಳ್ಳೆಯದಕ್ಕಲ್ಲವೇ ಎಂದು ಒಳಗೊಳಗೇ ಜಗಳವಾಡುತ್ತಿದ್ದೆ. ಬೇಸಿಗೆಯಲ್ಲಿ ಆ ದಾರಿಯಾಗಿ ಹೋದಾಗ ಕಂಡೆ. ಕೆಂಪು ಕಲ್ಲಿನ ಹೊಸ ಗೋಡೆ ಎದ್ದಿತ್ತು. ಬಸಪ್ಪ ಗಾರೆ ಹಾಕುತ್ತಿದ್ದ, ಯಲ್ಲವ್ವ ಸಿಮೆಂಟು ಕಲೆಸುತ್ತಿದ್ದಳು. ಗಿರಿಜಕ್ಕ ನನ್ನನ್ನು ಕಂಡು ಒಳಗೆ ಹೋದಳು.

ಮುಂದಿನ ಮಳೆ ಶುರುವಾದ ಮೇಲೆ, ಒಂದು ಆದಿತ್ಯವಾರ ಬೆಳಿಗ್ಗೆ, ಗೇಟು ತೆರೆದ ಸದ್ದಾಯಿತು. ಗಿರಿಜಕ್ಕ ಬುಟ್ಟಿ ಹೊತ್ತು ಅಂಗಳ ದಾಟಿ ಬಂದಳು. ಜಗಲಿಯಲ್ಲಿ ನಿಲ್ಲಲಿಲ್ಲ. ಇಷ್ಟು ವರ್ಷ ಅವಳು ಜಗಲಿಯಿಂದ ಈಚೆಗೆ ಬಂದವಳೇ ಅಲ್ಲ.

"ಅಡಿಗೆಮನೆ ಎಲ್ಲಿ?" ಎಂದಳು.

"ಎಂತಕ್ಕೆ ಗಿರಿಜಕ್ಕ? ಕೂತ್ಕೊ, ಚಾ ತರ್ತೇನೆ."

"ಒಲೆಗೆ ಕೈ ಮುಗಿಲಿಕ್ಕೆ ಉಂಟು. ಪದ್ಧತಿ ಅಲ್ವಾ?"

ನಾನು ಅಡ್ಡ ನಿಂತೆ. ನಿಜ ಹೇಳುತ್ತೇನೆ, ಕೈಗಳನ್ನು ಎರಡೂ ಕಡೆ ಚಾಚಿ ಬಾಗಿಲಿಗೆ ಅಡ್ಡ ನಿಂತೆ. ರಜೆಯ ದಿನ, ರಾತ್ರಿಯ ಪಾತ್ರೆಗಳು ತೊಳೆಯದೆ ಬಿದ್ದಿದ್ದವು. ಉಕ್ಕಿದ ಹಾಲು ಗ್ಯಾಸಿನ ಒಲೆಯ ಮೇಲೆ ಕರಿಗಟ್ಟಿತ್ತು. ಮಳೆಗೆ ಒಣಗದ ಬಟ್ಟೆಗಳನ್ನು ಒಲೆಯ ಮೇಲುಗಡೆ ಹಗ್ಗ ಕಟ್ಟಿ ನೇತು ಹಾಕಿದ್ದೆ. ನನ್ನ ಗಂಡನ ತೂತು ಬನಿಯನ್ನು, ನನ್ನ ಒಳಲಂಗ, ಎಲ್ಲ ಸಾಲಾಗಿ ಇದ್ದವು. ಗಿರಿಜಕ್ಕ ನನ್ನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ ಒಳಗೆ ಹೋದಳು.

ನಿಧಾನವಾಗಿ ನೋಡಿದಳು. ಬನಿಯನ್ನನ್ನು ನೋಡಿದಳು, ಹಾಲಿನ ಕರಿಯನ್ನು ನೋಡಿದಳು. ಮೂಲೆಯ ಗಡಿಗೆಯ ಮುಚ್ಚಳ ತೆಗೆದಳು. ಅದರಲ್ಲಿ ನಿನ್ನೆಯ ಮೀನು ಸಾರಿತ್ತು.

"ಇದು ಯಾರ ಹತ್ರ ತಗೊಂಡದ್ದು?"

"ಪೇಟೆಯಿಂದ."

"ಹಾಗೇ ಕಾಣ್ತದೆ," ಎಂದು ಮುಚ್ಚಳ ಮುಚ್ಚಿದಳು. ಆಮೇಲೆ ನನ್ನ ಗ್ಯಾಸಿನ ಒಲೆಯ ಎದುರು ನಿಂತು, ಒಗೆದ ಬಟ್ಟೆಗಳ ಕೆಳಗೆ, ಎರಡೂ ಕೈ ಜೋಡಿಸಿ ಮುಗಿದಳು.

ನಾನು ನೆಲ ನೋಡುತ್ತ ನಿಂತಿದ್ದೆ. ಸರ್ಕಾರದ ಹೆಸರಿನಲ್ಲಿ ನಾನು ಹೊಕ್ಕು ನೋಡಿದ ಅಡಿಗೆಮನೆಗಳಿಗೆ ಲೆಕ್ಕವಿಲ್ಲ, ನನ್ನದನ್ನು ಹೊಕ್ಕು ನೋಡಿದವಳು ಅವಳೊಬ್ಬಳೇ.

"ಈಗ ಗೊತ್ತಾಯ್ತಾ ಹೇಗೆ ಆಗ್ತದೆ ಅಂತ?" ಎಂದಳು ಗಿರಿಜಕ್ಕ.

"ಗೊತ್ತಾಯ್ತು," ಎಂದೆ.

"ಹಾಗಾದ್ರೆ ಸಮ ಆಯ್ತು." ಸೊಂಟಕ್ಕೆ ಸೆರಗು ಸಿಕ್ಕಿಸಿ, ನನ್ನ ತೊಳೆಯದ ತಟ್ಟೆಗಳಲ್ಲಿ ಒಂದನ್ನು ತೆಗೆದು ತಾನೇ ತೊಳೆದಳು. ಬುಟ್ಟಿಯಿಂದ ಬಂಗುಡೆ ತೆಗೆದು ಅದರಲ್ಲಿ ಸುರಿದು, ಅಲ್ಲೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಳು. "ನಿಂತದ್ದು ಸಾಕು ಮಾರಾಯ್ತಿ, ಕತ್ತಿ ಕೊಡು."